ವಯಸ್ಸು, ಲಿಂಗ ಮತ್ತು ರಕ್ತದ ರಿಪೋರ್ಟ್: ‘ವಯಸ್ಸಿಗೆ ತಕ್ಕ ನಾರ್ಮಲ್’ ಎಂದು ಯಾವ ಅಂಕಿಗೆ ಹೇಳಬಹುದು, ಯಾವುದಕ್ಕೆ ಹೇಳಬಾರದು? (ಚರ್ಚೆ; ಪ್ರತಿ ಭಾಗದ ಮೇಲಿರುವುದು ಮಾತಾಡುವವರ ಅಡ್ಡಹೆಸರು)

ನಾಡಿಮಿಡಿತ

ಲ್ಯಾಬ್ ರಿಪೋರ್ಟಿನಲ್ಲಿ ಅಂಕಿಯ ಪಕ್ಕ ಅಚ್ಚಾಗುವ ‘ನಾರ್ಮಲ್ ರೇಂಜ್’ ಬಗ್ಗೆ ಇಲ್ಲಿ ಬಿಡಿಸಿ ಮಾತಾಡೋಣ. ಘಟಕ ಹೇಳದ ಕಡೆಯೆಲ್ಲ ಮಿ.ಗ್ರಾಂ/ಡೆ.ಲೀ. ಎಂದು ತಿಳಿಯಿರಿ.

ಒಂದು ಉದಾಹರಣೆ: ಕಿಡ್ನಿ ಸೋಸಿ ಹೊರಹಾಕುವ ಕ್ರಿಯಾಟಿನಿನ್ 1.0. 30ರ ಗಂಡಸಿಗೂ ಅಷ್ಟೇ, 70ರ ಹೆಂಗಸಿಗೂ ಅಷ್ಟೇ. ಇಬ್ಬರ ರಿಪೋರ್ಟಿನಲ್ಲೂ ದಪ್ಪಕ್ಷರ ಇಲ್ಲ, ಬಾಣದ ಗುರುತೂ ಇಲ್ಲ. ಅದೇ ಅಂಕಿಯನ್ನು 2021ರ ಸಿಕೆಡಿ-ಇಪಿಐ ಸೂತ್ರಕ್ಕೆ ಹಾಕಿ ನೋಡಿ. ಗಂಡಸಿಗೆ ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗದ ಅಂದಾಜು, ಮಿ.ಲೀ./ನಿಮಿಷ/1.73 ಚ.ಮೀ.) ಸುಮಾರು 104 ಬರುತ್ತದೆ, ಹೆಂಗಸಿಗೆ ಸುಮಾರು 61. ಒಬ್ಬರ ಕಿಡ್ನಿ ಚೆನ್ನಾಗಿದೆ, ಇನ್ನೊಬ್ಬರದು 60ರ ಗೆರೆಯ ಅಂಚಿಗೆ ಬಂದು ನಿಂತಿದೆ.

ಇನ್ನೊಂದು: ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) 155. 56ರ ಹೆಂಗಸಿಗೆ ‘ಈ ವಯಸ್ಸಿಗೆ ಇದು ಮಾಮೂಲು’ ಎನ್ನುತ್ತಾರೆ. 27ರ ಹುಡುಗನಿಗೆ ‘ಇನ್ನೂ ಚಿಕ್ಕ ವಯಸ್ಸು, ಬಿಡಿ’ ಎನ್ನುತ್ತಾರೆ. ಎರಡೂ ತಪ್ಪು ಎಂಬುದು ನನ್ನ ವಾದ. ಕ್ರಿಯಾಟಿನಿನ್‌ಗೆ ವಯಸ್ಸು, ಲಿಂಗ ಗೊತ್ತಿಲ್ಲದೆ ಅಂಕಿಯನ್ನು ಓದಲೇ ಆಗದು. ಎಲ್‌ಡಿಎಲ್‌ಗೆ ಹಾಗಲ್ಲ, ಅಂಕಿಯನ್ನು ಇದ್ದಂತೆಯೇ ಓದಬೇಕು. ವಯಸ್ಸು, ಲಿಂಗ ಬರುವುದು ಆಮೇಲೆ, ಹೃದ್ರೋಗದ ಅಪಾಯದ ಲೆಕ್ಕ ಹಾಕುವಾಗ. ಉಳಿದ ಗುರುತುಗಳನ್ನು ಈ ಎರಡು ಗುಂಪಿಗೆ ಹೇಗೆ ಹಂಚುತ್ತೀರಿ?

ಜೀವರಸಾಯನ

ಹಂಚುವ ಮೊದಲು ‘ರೇಂಜ್’ ಎಂಬುದು ಎಲ್ಲಿಂದ ಬಂತು ನೋಡಬೇಕು. ರಿಪೋರ್ಟಿನಲ್ಲಿ ಎರಡು ಬೇರೆ ಬೇರೆ ಜಾತಿಯ ಗೆರೆಗಳು ಒಂದೇ ಕಾಲಂನಲ್ಲಿ ಕೂತಿರುತ್ತವೆ.

ಒಂದು ಉಲ್ಲೇಖ ವ್ಯಾಪ್ತಿ. ಆರೋಗ್ಯವಾಗಿರುವವರ ಒಂದು ಗುಂಪು ಹಿಡಿದು, ಮೇಲಿನ ಶೇ. 2.5 ಮತ್ತು ಕೆಳಗಿನ ಶೇ. 2.5 ಬಿಟ್ಟು, ನಡುವಿನ ಶೇ. 95ನ್ನು ಅಚ್ಚು ಹಾಕುವುದು. ಗಂಡು, ಹೆಣ್ಣು, ವಯಸ್ಸಿನ ಪ್ರಕಾರ ಪಾಲು ಮಾಡಬೇಕೆಂದರೆ ಒಂದೊಂದು ಪಾಲಿಗೂ ಕನಿಷ್ಠ 120 ಜನ ಬೇಕು. ಸಣ್ಣ ಲ್ಯಾಬ್‌ಗಳಿಗೆ ಇದು ಕಷ್ಟ. ಹಾಗಾಗಿ ಕಿಟ್ ಜೊತೆ ಬಂದ ಚೀಟಿಯಲ್ಲಿದ್ದದ್ದನ್ನೇ ಇಳಿಸಿಕೊಳ್ಳುತ್ತಾರೆ.

ಇನ್ನೊಂದು ನಿರ್ಧಾರದ ಗೆರೆ. ಇದಕ್ಕೂ ‘ಹೆಚ್ಚು ಜನರಲ್ಲಿ ಎಷ್ಟಿದೆ’ ಎಂಬುದಕ್ಕೂ ಸಂಬಂಧವಿಲ್ಲ. ಯಾವ ಮಟ್ಟ ದಾಟಿದರೆ ಕಾಯಿಲೆ ಹೆಚ್ಚುತ್ತದೆ ಎಂದು ವರ್ಷಗಟ್ಟಲೆ ನೋಡಿ ಎಳೆದ ಗೆರೆ ಅದು. ಎಲ್‌ಡಿಎಲ್, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಗುರುತು, ಶೇಕಡಾ ಲೆಕ್ಕದಲ್ಲಿ), ಖಾಲಿ ಹೊಟ್ಟೆಯ ಸಕ್ಕರೆ ಈ ಜಾತಿಗೆ ಸೇರಿದವು.

ಎಡವಟ್ಟಾಗುವುದು ಎರಡನೆಯ ಜಾತಿಯದ್ದನ್ನು ಮೊದಲನೆಯದರಂತೆ ಓದಿದಾಗ. 55 ದಾಟಿದ ಹೆಂಗಸರೆಲ್ಲರ ಎಲ್‌ಡಿಎಲ್ ಏರಿದ್ದರೆ ಅವರ ಶೇ. 95ರ ವ್ಯಾಪ್ತಿಯೂ ಮೇಲಕ್ಕೇ ಹೋಗುತ್ತದೆ. ಆಗ 170 ಕೂಡ ‘ವಯಸ್ಸಿಗೆ ನಾರ್ಮಲ್’ ಆಗಿಬಿಡುತ್ತದೆ. ರಕ್ತನಾಳದ ಗೋಡೆಯೊಳಗೆ ಎಲ್‌ಡಿಎಲ್ ಕಣಗಳು ಇಳಿಯುವುದು ಮಾತ್ರ ಅದರಿಂದ ಕಡಿಮೆಯಾಗುವುದಿಲ್ಲ.

ಋತುಚಕ್ರ

ಕೊಬ್ಬಿನ ಅಂಶಗಳ ಕಥೆ ಹದಿಹರೆಯದಲ್ಲೇ ಶುರುವಾಗುತ್ತದೆ. ಅಲ್ಲಿಂದಲೇ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಚಿಕ್ಕಂದಿನಲ್ಲಿ ಗಂಡು ಹೆಣ್ಣುಮಕ್ಕಳ ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್) ಹೆಚ್ಚುಕಡಿಮೆ ಒಂದೇ. ಹದಿಹರೆಯದಲ್ಲಿ ಟೆಸ್ಟೋಸ್ಟಿರಾನ್ ಏರಿದಂತೆ ಹುಡುಗರಲ್ಲಿ ಅದು ಇಳಿಯುತ್ತದೆ, ಹುಡುಗಿಯರಲ್ಲಿ ಅಷ್ಟಾಗಿ ಇಳಿಯುವುದಿಲ್ಲ. ಆಗ ಬಿದ್ದ ಸುಮಾರು 10ರ ಅಂತರ ಜೀವನದುದ್ದಕ್ಕೂ ಉಳಿಯುತ್ತದೆ. ಮೆಟಬಾಲಿಕ್ ಸಿಂಡ್ರೋಮ್ (ಹೊಟ್ಟೆಯ ಬೊಜ್ಜು, ಸಕ್ಕರೆ, ರಕ್ತದೊತ್ತಡ, ಕೊಬ್ಬಿನ ಏರುಪೇರು ಒಟ್ಟಿಗೆ ಇರುವುದು) ಗುರುತಿಸುವಾಗ ಗಂಡಸರಿಗೆ 40ಕ್ಕಿಂತ ಕಡಿಮೆ, ಹೆಂಗಸರಿಗೆ 50ಕ್ಕಿಂತ ಕಡಿಮೆ ಎಂದು ಎರಡು ಗೆರೆ ಇಟ್ಟಿರುವುದು ಇದಕ್ಕೇ. ಹೆಂಗಸೊಬ್ಬಳ ಎಚ್‌ಡಿಎಲ್ 44 ಇದ್ದು, ರಿಪೋರ್ಟ್ ‘40ರ ಮೇಲೆ: ಸರಿ’ ಎಂದರೆ ಆ ರಿಪೋರ್ಟ್ ಗಂಡಸಿನ ಗೆರೆಯಿಂದ ಅಳೆದಿದೆ ಎಂದರ್ಥ.

ಹದಿಹರೆಯದಲ್ಲಿ ಎಲ್‌ಡಿಎಲ್ ಕೂಡ ತಾತ್ಕಾಲಿಕವಾಗಿ ತಗ್ಗುತ್ತದೆ. 13–14ರಲ್ಲಿ ಪರೀಕ್ಷೆ ಮಾಡಿಸಿ ‘ಸರಿಯಿದೆ’ ಎಂದು ಬಿಟ್ಟರೆ ವಂಶಪಾರಂಪರ್ಯವಾಗಿ ಬರುವ ಅಧಿಕ ಕೊಲೆಸ್ಟ್ರಾಲ್ ಕಣ್ತಪ್ಪಬಹುದು. 2011ರ ಅಮೆರಿಕನ್ ಮಕ್ಕಳ ಮಾರ್ಗಸೂಚಿ 9–11 ಮತ್ತು 17–21ರ ವಯಸ್ಸನ್ನು ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ. ಮಕ್ಕಳಲ್ಲಿ 160, ದೊಡ್ಡವರಲ್ಲಿ 190 ಮುಟ್ಟಿದ ಎಲ್‌ಡಿಎಲ್ ಕಂಡರೆ ಮನೆಯವರನ್ನೆಲ್ಲ ಪರೀಕ್ಷಿಸಬೇಕು.

ಮುಂದೆ ಗಂಡಸರ ಎಲ್‌ಡಿಎಲ್ 20ರಿಂದ ಏರುತ್ತಾ 50ರ ಹೊತ್ತಿಗೆ ಸಮತಟ್ಟಾಗುತ್ತದೆ. ಹೆಂಗಸರದ್ದು ಮುಟ್ಟು ನಿಲ್ಲುವವರೆಗೆ ಸರಾಸರಿ ಕೆಳಗಿದ್ದು, ಆಮೇಲೆ ಗಂಡಸರನ್ನು ಹಿಂದೆ ಹಾಕುತ್ತದೆ. ಲಿವರ್‌ನಲ್ಲಿ ಎಲ್‌ಡಿಎಲ್ ಹಿಡಿಯುವ ರಿಸೆಪ್ಟರ್‌ಗಳನ್ನು ಈಸ್ಟ್ರೋಜನ್ ಹೆಚ್ಚಿಸುತ್ತದೆ. ಅದು ಕುಗ್ಗಿದಾಗ ಕಣಗಳು ರಕ್ತದಲ್ಲೇ ಹೆಚ್ಚು ಹೊತ್ತು ಸುತ್ತುತ್ತವೆ. ಮುಟ್ಟು ನಿಲ್ಲುವ ಹಂತದ ಹೆಂಗಸರನ್ನು ವರ್ಷಗಟ್ಟಲೆ ನೋಡಿದ ಅಮೆರಿಕದ ‘ಸ್ವಾನ್’ ಅಧ್ಯಯನ ತೋರಿಸಿದ ಮುಖ್ಯ ಸಂಗತಿ ಏನೆಂದರೆ, ಈ ಏರಿಕೆ ವಯಸ್ಸಿನ ಜೊತೆ ನಿಧಾನವಾಗಿ ಬರುವಂಥದ್ದಲ್ಲ. ಕೊನೆಯ ಮುಟ್ಟಿನ ಆಚೀಚೆಯ ಒಂದು ವರ್ಷದಲ್ಲೇ ಒಟ್ಟು ಕೊಲೆಸ್ಟ್ರಾಲ್, ಎಲ್‌ಡಿಎಲ್, ಅಪೊಬಿ (ಎಲ್‌ಡಿಎಲ್‌ನಂಥ ಕಣಗಳ ಮೇಲಿರುವ ಪ್ರೋಟೀನ್) ಮೂರೂ ಗಟ್ಟಿಯಾಗಿ ಜಿಗಿಯುತ್ತವೆ. 48ರಲ್ಲಿ ಮಾಡಿಸಿದ ಪರೀಕ್ಷೆಯನ್ನು ನಂಬಿ 53ರವರೆಗೆ ಕೂರುವುದು ಅಪಾಯ. ಮುಟ್ಟು ಏರುಪೇರಾಗತೊಡಗಿದಾಗ ಒಮ್ಮೆ, ನಿಂತು ಒಂದು ವರ್ಷವಾದಾಗ ಮತ್ತೊಮ್ಮೆ ನೋಡುವುದು ನನ್ನ ಸಲಹೆ.

ಬಸಿರಿನಲ್ಲಿ ಯಾವ ಗೆರೆಯೂ ನಡೆಯುವುದಿಲ್ಲ. ಕೊನೆಯ ಮೂರು ತಿಂಗಳಲ್ಲಿ ಒಟ್ಟು ಕೊಲೆಸ್ಟ್ರಾಲ್ ಶೇ. 30–50 ಏರಬಹುದು, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) ಎರಡು ಪಟ್ಟು ದಾಟಬಹುದು. ಅದು ಮಗುವಿಗಾಗಿ ದೇಹ ಮಾಡಿಕೊಳ್ಳುವ ಏರ್ಪಾಡು. ಮೊದಲೇ ಟ್ರೈಗ್ಲಿಸರೈಡ್ ವಿಪರೀತ ಇದ್ದವರಿಗೆ ಮಾತ್ರ ಪ್ಯಾಂಕ್ರಿಯಾಸ್ ಊತದ ಭಯವಿದೆ, ಅವರ ಮೇಲೆ ನಿಗಾ ಬೇಕು. ಉಳಿದವರಿಗೆ ಹೆರಿಗೆಯಾಗಿ ಎರಡು ಮೂರು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದರೆ ಸಾಕು.

ಗುಳಿಗೆಯ ಈಸ್ಟ್ರೋಜನ್ ಮತ್ತು ಚರ್ಮಕ್ಕೆ ಅಂಟಿಸುವ ಪಟ್ಟಿಯ ಈಸ್ಟ್ರೋಜನ್ ರಿಪೋರ್ಟಿನಲ್ಲಿ ಒಂದೇ ರೀತಿ ಕಾಣುವುದಿಲ್ಲ. ಗುಳಿಗೆ ಮೊದಲು ಲಿವರ್ ಮೂಲಕ ಹೋಗುವುದರಿಂದ ಎಲ್‌ಡಿಎಲ್ ಇಳಿಸುತ್ತದೆ, ಟ್ರೈಗ್ಲಿಸರೈಡ್ ಮತ್ತು ಸಿಆರ್‌ಪಿ (ಉರಿಯೂತದ ಗುರುತು) ಏರಿಸುತ್ತದೆ. ಪಟ್ಟಿಯಿಂದ ಈ ಬದಲಾವಣೆ ತೀರಾ ಕಡಿಮೆ. ರಕ್ತ ತೆಗೆಯುವ ಮುನ್ನ ಈಸ್ಟ್ರೋಜನ್ ತೆಗೆದುಕೊಳ್ಳುತ್ತಿದ್ದೀರಾ, ಯಾವ ರೂಪದಲ್ಲಿ ಎಂದು ಕೇಳದಿದ್ದರೆ 38ರ ಹೆಂಗಸಿನ ಟ್ರೈಗ್ಲಿಸರೈಡ್ 210 ಏಕೆ ಎಂದು ಸುಮ್ಮನೆ ತಲೆಕೆಡಿಸಿಕೊಳ್ಳಬೇಕಾಗುತ್ತದೆ.

ಪಿಸಿಒಎಸ್ (ಅಂಡಾಶಯ ಮತ್ತು ಹಾರ್ಮೋನ್‌ಗಳ ಏರುಪೇರು) ಇರುವ ಹೆಂಗಸರದ್ದು ಇನ್ನೊಂದು ಚಿತ್ರ. ಚಿಕ್ಕ ವಯಸ್ಸಿನಲ್ಲೇ ಟ್ರೈಗ್ಲಿಸರೈಡ್ ಮೇಲೆ, ಎಚ್‌ಡಿಎಲ್ ಕೆಳಗೆ, ಇನ್ಸುಲಿನ್‌ಗೆ ದೇಹ ಬಗ್ಗದ ಸ್ಥಿತಿ. ‘ಮುಟ್ಟು ನಿಲ್ಲುವವರೆಗೆ ಹೆಂಗಸರಿಗೆ ರಕ್ಷಣೆ ಇದೆ’ ಎಂಬ ಮಾತನ್ನು ಅವರ ಮುಂದೆ ಹೇಳಲೇಬಾರದು.

ಪಿಪೆಟ್

ಋತುಚಕ್ರ ಮೇಡಂ ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. 50ರ ಆಸುಪಾಸಿನಲ್ಲಿ ಎಲ್‌ಡಿಎಲ್ ಜಿಗಿದರೆ ಎಲ್ಲವನ್ನೂ ಮುಟ್ಟಿನ ತಲೆಗೆ ಕಟ್ಟಬೇಡಿ. ಥೈರಾಯ್ಡ್ ಮಂದವಾಗುವುದು ಹೆಂಗಸರಲ್ಲಿ ಹೆಚ್ಚು, ವಯಸ್ಸಿನ ಜೊತೆ ಇನ್ನೂ ಹೆಚ್ಚು, ಮತ್ತು ಅದೂ ಎಲ್‌ಡಿಎಲ್ ಏರಿಸುತ್ತದೆ. ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ ನೋಡದೆ ಸ್ಟಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಔಷಧಿ) ಶುರು ಮಾಡಿದರೆ ಸ್ನಾಯು ನೋವಿನ ಸಾಧ್ಯತೆಯೂ ಹೆಚ್ಚುತ್ತದೆ. ಕೂದಲಿಗೆಂದು ಬಯೋಟಿನ್ ಗುಳಿಗೆ ನುಂಗುವವರಲ್ಲಿ ಕೆಲವು ಕಿಟ್‌ಗಳ ಟಿಎಸ್‌ಎಚ್, ಟ್ರೊಪೊನಿನ್ (ಹೃದಯದ ಸ್ನಾಯುವಿಗೆ ಹಾನಿಯಾದಾಗ ಏರುವ ಗುರುತು) ಎರಡೂ ಸುಳ್ಳು ಕಡಿಮೆ ತೋರಿಸುತ್ತವೆ. ಅದನ್ನೂ ಮೊದಲೇ ಕೇಳಿ.

ಅಂಕಿಸಂಖ್ಯೆ

ಸಕ್ಕರೆಯ ವಿಷಯಕ್ಕೆ ಬರೋಣ, ಇಲ್ಲಿ ಗೊಂದಲ ಜಾಸ್ತಿ.

ಗಂಡಸರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಮೊದಲು ಏರುವುದು ಹೆಚ್ಚು, ಹೆಂಗಸರಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿದು 2 ಗಂಟೆ ಬಿಟ್ಟು ನೋಡಿದ ಸಕ್ಕರೆ ಏರಿರುವುದು ಹೆಚ್ಚು. ವಯಸ್ಸು ಹೆಚ್ಚಿದಂತೆ ಇಬ್ಬರಲ್ಲೂ ಖಾಲಿ ಹೊಟ್ಟೆಯದ್ದಕ್ಕಿಂತ 2 ಗಂಟೆಯದ್ದೇ ವೇಗವಾಗಿ ಏರುತ್ತದೆ. ಹಾಗಾಗಿ ವಯಸ್ಸಾದ ಹೆಂಗಸಿಗೆ ಖಾಲಿ ಹೊಟ್ಟೆಯ 98 ನೋಡಿ ಸಮಾಧಾನಪಡುವುದು ಅರ್ಧ ಪರೀಕ್ಷೆ ಅಷ್ಟೇ.

ಎಚ್‌ಬಿಎ1ಸಿ ಸಕ್ಕರೆಯನ್ನು ನೇರ ಅಳೆಯುವುದಿಲ್ಲ. ಕೆಂಪು ರಕ್ತಕಣ ಎಷ್ಟು ದಿನ ಬದುಕಿತು ಎಂಬುದೂ ಅದರಲ್ಲಿ ಸೇರಿಕೊಂಡಿರುತ್ತದೆ. ಮುಟ್ಟಿನಲ್ಲಿ ರಕ್ತ ಹೋಗಿ ಹೊಸ ಕಣಗಳು ಹೆಚ್ಚಿದ್ದರೆ ಅಂಕಿ ಸ್ವಲ್ಪ ಕೆಳಗೆ ಬರುತ್ತದೆ. ಅದೇ ರಕ್ತಸ್ರಾವದಿಂದ ಕಬ್ಬಿಣದ ಕೊರತೆಯಾಯಿತೆಂದರೆ ಅಂಕಿ ಸುಳ್ಳಾಗಿ ಮೇಲೆ ಹೋಗುತ್ತದೆ, ಕಬ್ಬಿಣ ಕೊಟ್ಟ ಮೇಲೆ ಇಳಿಯುತ್ತದೆ. 35ರ ಹೆಂಗಸಿಗೆ ಎಚ್‌ಬಿಎ1ಸಿ 5.9 ಬಂದು ಹಿಮೋಗ್ಲೋಬಿನ್ 9.5 ಗ್ರಾಂ ಇದ್ದರೆ ‘ಪ್ರಿಡಯಾಬಿಟಿಸ್’ ಎಂದು ಬರೆಯಬೇಡಿ. ಮೊದಲು ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು) ನೋಡಿ, ಸಕ್ಕರೆಯನ್ನು ನೇರವಾಗಿ ಅಳೆಯಿರಿ, ರಕ್ತಹೀನತೆ ಸರಿಯಾದ ಮೇಲೆ ಮತ್ತೆ ಎಚ್‌ಬಿಎ1ಸಿ ಮಾಡಿ.

ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಎಚ್‌ಬಿಎ1ಸಿ ದಶಕಕ್ಕೆ ಸುಮಾರು 0.1ರಷ್ಟು ಏರುತ್ತದೆ. ಆದರೂ ರೋಗ ಗುರುತಿಸುವ 6.5ರ ಗೆರೆಯನ್ನು ವಯಸ್ಸಿಗೆ ತಕ್ಕಂತೆ ಸರಿಸುವುದಿಲ್ಲ. ಸರಿಸುವುದು ಚಿಕಿತ್ಸೆಯ ಗುರಿಯನ್ನು. 80ರ, ಬೇರೆ ಕಾಯಿಲೆಗಳೂ ಇರುವ, ದುರ್ಬಲ ವ್ಯಕ್ತಿಗೆ 8ರ ಆಸುಪಾಸು ಒಪ್ಪಿಕೊಳ್ಳುತ್ತೇವೆ, ಏಕೆಂದರೆ ಅವರಿಗೆ ಸಕ್ಕರೆ ಧಡಕ್ಕನೆ ಇಳಿದರೆ ಆಗುವ ಹಾನಿ ದೊಡ್ಡದು.

ನಾಡಿಮಿಡಿತ

ಹೆಂಗಸರಲ್ಲಿ 2 ಗಂಟೆಯ ಸಕ್ಕರೆ ಏರಿರುವುದಕ್ಕೆ ದೇಹದ ಗಾತ್ರವೂ ಕಾರಣವಲ್ಲವೇ? 150 ಸೆಂ.ಮೀ. ಎತ್ತರದವರಿಗೂ 75 ಗ್ರಾಂ, 180 ಸೆಂ.ಮೀ. ಎತ್ತರದವರಿಗೂ 75 ಗ್ರಾಂ.

ಅಂಕಿಸಂಖ್ಯೆ

ಹೌದು, ಅದೊಂದು ಪಾಲು ಖಂಡಿತ. ಚಿಕ್ಕ ದೇಹದಲ್ಲಿ ಸ್ನಾಯು ಕಡಿಮೆ, ಅಷ್ಟೇ ಗ್ಲೂಕೋಸ್ ಒಳಗೆ ಎಳೆದುಕೊಳ್ಳಲು ಹೆಚ್ಚು ಹೊತ್ತು ಬೇಕು. ಹಾಗೆಂದು 2 ಗಂಟೆಯ ಸಕ್ಕರೆಗಿರುವ 140ರ ಗೆರೆಯನ್ನು ಎತ್ತರಕ್ಕೆ ತಕ್ಕಂತೆ ತಿದ್ದುವ ಒಪ್ಪಿತ ಪದ್ಧತಿ ಇಲ್ಲ. ಗೆರೆಯ ಅಂಚಿನಲ್ಲಿ, 142–145 ಬಂದ ಕುಳ್ಳಗಿನ ಹೆಂಗಸಿಗೆ ಹಣೆಪಟ್ಟಿ ಹಚ್ಚುವ ಮುಂಚೆ ಇನ್ನೊಮ್ಮೆ ಪರೀಕ್ಷಿಸಿ.

ಜೀವರಸಾಯನ

ಲಿವರ್, ಕಿಡ್ನಿ, ಯೂರಿಕ್ ಆಸಿಡ್ ಮೂರನ್ನೂ ಇಲ್ಲಿ ಸೇರಿಸುತ್ತೇನೆ.

ಲಿವರ್‌ಗೆ ಪೆಟ್ಟಾದಾಗ ಏರುವ ಎಎಲ್‌ಟಿ ಗಂಡಸರಲ್ಲಿ ಹೆಚ್ಚು, ನಡುವಯಸ್ಸು ದಾಟಿದ ಮೇಲೆ ಇಬ್ಬರಲ್ಲೂ ಇಳಿಯುತ್ತದೆ. ಎಷ್ಟೋ ರಿಪೋರ್ಟುಗಳಲ್ಲಿ ಇಬ್ಬರಿಗೂ ಒಂದೇ, ಲೀಟರಿಗೆ 40 ಯೂನಿಟ್ ಅಥವಾ ಅದಕ್ಕಿಂತ ಮೇಲಿನ ಗೆರೆ ಇರುತ್ತದೆ. ಅಮೆರಿಕದ ಜಠರ-ಕರುಳು ತಜ್ಞರ ಸಂಘ 2017ರಲ್ಲಿ ಹೇಳಿದ್ದು ಗಂಡಸರಿಗೆ 29–33, ಹೆಂಗಸರಿಗೆ 19–25 ಯೂನಿಟ್. ಹೆಂಗಸೊಬ್ಬಳ ಎಎಲ್‌ಟಿ 36 ‘ನಾರ್ಮಲ್’ ಎಂದು ಬಂದಾಗ ಕೊಬ್ಬಿನ ಲಿವರ್ ತಪ್ಪಿಸಿಕೊಳ್ಳುವುದು ಹೀಗೆ.

ವಯಸ್ಸಿನ ಪೆಟ್ಟು ಹೆಚ್ಚು ಕಾಣುವುದು ಫಿಬ್-4ರಲ್ಲಿ, ಅಂದರೆ ಲಿವರ್ ಗಟ್ಟಿಯಾಗಿದೆಯೇ ಎಂದು ಅಂದಾಜಿಸುವ ಲೆಕ್ಕದಲ್ಲಿ. ವಯಸ್ಸನ್ನು ಎಎಸ್‌ಟಿಯಿಂದ (ಲಿವರ್‌ನ ಇನ್ನೊಂದು ಕಿಣ್ವ) ಗುಣಿಸಿ, ಅದನ್ನು ಪ್ಲೇಟ್‌ಲೆಟ್ ಮತ್ತು ಎಎಲ್‌ಟಿಯ ವರ್ಗಮೂಲ ಎರಡರ ಗುಣಲಬ್ಧದಿಂದ ಭಾಗಿಸಬೇಕು. ಎಎಸ್‌ಟಿ 32, ಎಎಲ್‌ಟಿ 25, ಪ್ಲೇಟ್‌ಲೆಟ್ 220 (ಸಾವಿರದ ಲೆಕ್ಕದಲ್ಲಿ) ಎಂದುಕೊಳ್ಳಿ. 45ರವರಿಗೆ 1.31 ಬರುತ್ತದೆ, ಅಂದರೆ 1.3ರ ಗೆರೆ ದಾಟಿತು, ಮುಂದಿನ ಪರೀಕ್ಷೆ ಬೇಕು. ಅದೇ ರಕ್ತ 68ರವರದ್ದಾದರೆ 1.98. ನೋಡಲು ಹೆಚ್ಚು, ಆದರೆ 65 ದಾಟಿದವರಿಗೆ ಗೆರೆ 2.0, ಹಾಗಾಗಿ ಸದ್ಯಕ್ಕೆ ಸರಿ. 35ರ ಕೆಳಗಿನವರಿಗೆ ಈ ಸೂತ್ರವನ್ನು ನಂಬುವಂತಿಲ್ಲ.

ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಕಿಡ್ನಿಯೂ ಕುಗ್ಗುತ್ತದೆ, ಎರಡೂ ಸೇರಿ ಕ್ರಿಯಾಟಿನಿನ್ ಇದ್ದಲ್ಲೇ ಇರುವಂತೆ ಕಾಣುತ್ತದೆ. ಸೂತ್ರ ಇದನ್ನು ಸರಾಸರಿಯಲ್ಲಿ ಮಾತ್ರ ಸರಿಪಡಿಸುತ್ತದೆ. ತೀರಾ ಬಡಕಲಾದವರಿಗೆ, ಕಾಲು ಕತ್ತರಿಸಿದವರಿಗೆ, ದೇಹ ಬೆಳೆಸುವ ವ್ಯಾಯಾಮ ಮಾಡುವವರಿಗೆ ಅದು ತಪ್ಪುತ್ತದೆ. ಅವರಿಗೆ ಸ್ನಾಯುವಿನ ಮೇಲೆ ಅಷ್ಟಾಗಿ ನಿಂತಿರದ ಕಿಡ್ನಿ ಪರೀಕ್ಷೆ, ಸಿಸ್ಟಾಟಿನ್ ಸಿ ಮಾಡಿಸಿ. ಬೊಜ್ಜು, ಉರಿಯೂತ, ಸ್ಟೆರಾಯ್ಡ್, ಥೈರಾಯ್ಡ್ ಅದನ್ನೂ ಅಲುಗಾಡಿಸುತ್ತವೆ ಎಂಬುದು ನೆನಪಿರಲಿ.

ಯೂರಿಕ್ ಆಸಿಡ್ ಗಂಡಸರಲ್ಲಿ ಸುಮಾರು 1 ಹೆಚ್ಚು. ಈಸ್ಟ್ರೋಜನ್ ಕಿಡ್ನಿಯಿಂದ ಅದನ್ನು ಹೊರಹಾಕಲು ನೆರವಾಗುತ್ತದೆ, ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಏರುತ್ತದೆ. ಆದರೆ ಹರಳುಗಟ್ಟುವ ಮಟ್ಟ ಇಬ್ಬರಿಗೂ 6.8, ಅದಕ್ಕೆ ಗಂಡು ಹೆಣ್ಣು ಎಂಬುದಿಲ್ಲ.

ನಾಡಿಮಿಡಿತ

ಹೃದಯದ ನೇರ ಗುರುತುಗಳಲ್ಲಿ ಲಿಂಗದ ವ್ಯತ್ಯಾಸ ಜೀವ ಉಳಿಸುವಷ್ಟು ದೊಡ್ಡದು. ಅಬಾಟ್ ಕಂಪನಿಯ ಹೈ ಸೆನ್ಸಿಟಿವಿಟಿ ಟ್ರೊಪೊನಿನ್-ಐ ಕಿಟ್‌ನಲ್ಲಿ 99ನೇ ಪರ್ಸೆಂಟೈಲ್ (ಆರೋಗ್ಯವಂತರಲ್ಲಿ ಶೇ. 99 ಜನ ಇದರ ಕೆಳಗಿರುತ್ತಾರೆ) ಹೆಂಗಸರಿಗೆ ಲೀಟರಿಗೆ 16, ಗಂಡಸರಿಗೆ 34 ನ್ಯಾನೊಗ್ರಾಂ. ಎದೆನೋವಿನಿಂದ ಬಂದ ಹೆಂಗಸಿಗೆ 22 ಬಂದಾಗ ಗಂಡಸಿನ ಗೆರೆ ಹಿಡಿದರೆ ಮನೆಗೆ ಕಳಿಸಿಬಿಡುವ ಅಪಾಯವಿದೆ. ಒಂದು ಕಿಟ್‌ನ ಗೆರೆ ಇನ್ನೊಂದಕ್ಕೆ ನಡೆಯುವುದಿಲ್ಲ. ವಯಸ್ಸಾದವರಲ್ಲಿ, ಕಿಡ್ನಿ ಕುಗ್ಗಿದವರಲ್ಲಿ ಟ್ರೊಪೊನಿನ್ ಸದಾ ಸ್ವಲ್ಪ ಮೇಲೇ ಇರಬಹುದು. ಅವರಲ್ಲಿ ಒಂದು ಅಂಕಿಗಿಂತ ಗಂಟೆಗಳ ಅಂತರದಲ್ಲಿ ಅದು ಏರಿತೇ, ಇಳಿಯಿತೇ ಎಂಬುದೇ ಉತ್ತರ ಕೊಡುತ್ತದೆ.

ಹೃದಯದ ಮೇಲೆ ಒತ್ತಡ ಬಿದ್ದಾಗ ಏರುವ ಎನ್‌ಟಿ-ಪ್ರೊಬಿಎನ್‌ಪಿ ಇದಕ್ಕೆ ತದ್ವಿರುದ್ಧ. ಹೆಂಗಸರಲ್ಲೇ ಹೆಚ್ಚು, ವಯಸ್ಸಾದಂತೆ ಇನ್ನೂ ಹೆಚ್ಚು, ಬೊಜ್ಜಿದ್ದರೆ ಕಡಿಮೆ. ಏದುಸಿರಿನಿಂದ ತುರ್ತು ವಿಭಾಗಕ್ಕೆ ಬಂದವರಲ್ಲಿ ಹೃದಯ ವೈಫಲ್ಯ ಎನ್ನಲು 50ರ ಕೆಳಗೆ 450, 50–75ರ ನಡುವೆ 900, 75ರ ಮೇಲೆ 1800 ಪಿಕೊಗ್ರಾಂ/ಮಿ.ಲೀ. ದಾಟಿರಬೇಕು. ಬೊಜ್ಜಿರುವ 45ರ ಗಂಡಸಿಗೆ 300 ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ.

ಪಿಪೆಟ್

ಸಿಆರ್‌ಪಿ ಮತ್ತು ಎಲ್‌ಡಿಎಲ್‌ನಂಥದ್ದೇ ಕಣವಾದ ಲೈಪೊಪ್ರೋಟೀನ್ (ಎ) ಬಗ್ಗೆ ಚುಟುಕಾಗಿ.

ಹೈ ಸೆನ್ಸಿಟಿವಿಟಿ ಸಿಆರ್‌ಪಿ ಹೆಂಗಸರಲ್ಲಿ ಸರಾಸರಿ ಹೆಚ್ಚು, ಬೊಜ್ಜಿನ ಜೊತೆ ಅವರಲ್ಲಿ ಹೆಚ್ಚು ಜೋರಾಗಿ ಏರುತ್ತದೆ. ಗೆರೆಗಳು ಮಾತ್ರ ಇಬ್ಬರಿಗೂ ಒಂದೇ, 1ರ ಕೆಳಗೆ ಕಡಿಮೆ, 3ರ ಮೇಲೆ ಹೆಚ್ಚು (ಮಿ.ಗ್ರಾಂ/ಲೀ.). ಎರಡು ವಾರ ಬಿಟ್ಟು ಎರಡು ಸಲ ನೋಡಿ ಸರಾಸರಿ ಹಿಡಿಯಿರಿ. 10 ದಾಟಿದರೆ ಅದು ಸೋಂಕೋ ಪೆಟ್ಟೋ ಇರಬೇಕು, ಹೃದಯದ ಲೆಕ್ಕಕ್ಕೆ ಬಳಸಬೇಡಿ.

ಲೈಪೊಪ್ರೋಟೀನ್ (ಎ) ಬಹುಪಾಲು ವಂಶವಾಹಿಯ ಕೈಯಲ್ಲಿದೆ, ವಯಸ್ಸಿನ ಜೊತೆ ಹೆಚ್ಚು ಬದಲಾಗದು. ಜೀವನದಲ್ಲಿ ಒಮ್ಮೆ ಅಳೆದರೆ ಸಾಕು ಎನ್ನುವುದು ಅದಕ್ಕೇ. ಮುಟ್ಟು ನಿಂತ ಮೇಲೆ ಸ್ವಲ್ಪ ಏರುವುದರಿಂದ, 40ರಲ್ಲಿ ಗೆರೆಯ ಅಂಚಿನಲ್ಲಿದ್ದ ಹೆಂಗಸಿಗೆ 55ರಲ್ಲಿ ಇನ್ನೊಮ್ಮೆ ಅಳೆಯುವುದು ಒಳ್ಳೆಯದು. 125 ನ್ಯಾನೊಮೋಲ್/ಲೀ. ಅಥವಾ 50 ಮಿ.ಗ್ರಾಂ ಮೇಲಿದ್ದರೆ ಅಪಾಯ ಹೆಚ್ಚು. ಈ ಎರಡು ಘಟಕಗಳ ನಡುವೆ ಗುಣಾಕಾರ ಮಾಡಿ ಬದಲಾಯಿಸಬೇಡಿ. ಕಣದ ಗಾತ್ರ ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುತ್ತದೆ, ಲೆಕ್ಕ ತಪ್ಪುತ್ತದೆ.

ಅಂಕಿಸಂಖ್ಯೆ

ಈಗ ಮೂಲ ಪ್ರಶ್ನೆಯ ದ್ವಿತೀಯಾರ್ಧ: ಎಲ್‌ಡಿಎಲ್ ಓದಿದ ಮೇಲೆ ವಯಸ್ಸು, ಲಿಂಗ ಹೇಗೆ ಬರುತ್ತವೆ?

10 ವರ್ಷದ ಅಪಾಯ ಹೇಳುವ ಎಲ್ಲ ಲೆಕ್ಕಗಳಲ್ಲೂ ವಯಸ್ಸಿನ ತೂಕವೇ ಜಾಸ್ತಿ. 32ರ ಹೆಂಗಸಿಗೆ ಎಲ್‌ಡಿಎಲ್ 165, ಧೂಮಪಾನ, ರಕ್ತದೊತ್ತಡ ಎಲ್ಲ ಹಾಕಿದರೂ ಉತ್ತರ ಸಣ್ಣದೇ ಬರುತ್ತದೆ. ಅವಳಿಗೆ 10 ವರ್ಷದ ಲೆಕ್ಕವೇ ತಪ್ಪು ಪ್ರಶ್ನೆ. 2023ರ ‘ಪ್ರಿವೆಂಟ್’ ಸೂತ್ರ 30ರಿಂದ 79ರವರೆಗೆ ನಡೆಯುತ್ತದೆ, 59ರವರೆಗಿನವರಿಗೆ 30 ವರ್ಷದ ಅಪಾಯವನ್ನೂ ಕೊಡುತ್ತದೆ. ಯುರೋಪಿನ ‘ಸ್ಕೋರ್-2’ 40–69ಕ್ಕೆ, 70 ದಾಟಿದವರಿಗೆ ಅದರದ್ದೇ ಬೇರೆ ರೂಪವಿದೆ. ವಯಸ್ಸಿನ ಮಿತಿಯ ಹೊರಗೆ ಬಳಸಿದರೆ ಬರುವ ಅಂಕಿಗೆ ಅರ್ಥವಿಲ್ಲ.

ಈ ಸೂತ್ರಗಳು ಕೇಳದ ಎರಡು ವಿಷಯಗಳನ್ನು ಹೆಂಗಸರಲ್ಲಿ ಕೈಯಾರೆ ಸೇರಿಸಬೇಕು: 40ಕ್ಕೆ ಮೊದಲೇ ಮುಟ್ಟು ನಿಂತಿತ್ತೇ? ಬಸಿರಿನಲ್ಲಿ ರಕ್ತದೊತ್ತಡ ಏರಿ ಪ್ರಿ-ಎಕ್ಲಾಂಪ್ಸಿಯಾ ಆಗಿತ್ತೇ? ಅಪಾಯ ಮಧ್ಯಮ ಎಂದು ಬಂದವರಿಗೆ ಈ ಉತ್ತರಗಳು ನಿರ್ಧಾರ ಬದಲಿಸಬಲ್ಲವು.

ಸಕ್ಕರೆ ಕಾಯಿಲೆ ಹೆಣ್ಣಿನ ಸಹಜ ಅನುಕೂಲವನ್ನು ಬಹುಮಟ್ಟಿಗೆ ಕಿತ್ತುಕೊಳ್ಳುತ್ತದೆ. 64 ಅಧ್ಯಯನಗಳ 8.5 ಲಕ್ಷಕ್ಕೂ ಹೆಚ್ಚು ಜನರನ್ನು ಒಟ್ಟು ಸೇರಿಸಿದ 2014ರ ವಿಶ್ಲೇಷಣೆಯಲ್ಲಿ, ಸಕ್ಕರೆ ಕಾಯಿಲೆಯಿಂದ ಹೃದಯದ ರಕ್ತನಾಳ ರೋಗದ ಅಪಾಯ ಹೆಂಗಸರಲ್ಲಿ 2.82 ಪಟ್ಟು, ಗಂಡಸರಲ್ಲಿ 2.16 ಪಟ್ಟು ಹೆಚ್ಚಿತ್ತು.

ಋತುಚಕ್ರ

75–80 ದಾಟಿದವರ ವಿಷಯದಲ್ಲಿ ನಾಡಿಮಿಡಿತ ಸರ್ ವಾದಕ್ಕೆ ಒಂದು ತಿದ್ದುಪಡಿ. ಅಲ್ಲಿ ಎಲ್‌ಡಿಎಲ್ ಅಂಕಿಯನ್ನೂ ‘ಇದ್ದಂತೆಯೇ’ ಓದಲಾಗದು. ತೂಕ ಇಳಿದವರಲ್ಲಿ, ಊಟ ಸೇರದವರಲ್ಲಿ, ಒಳಗೊಳಗೇ ಬೇರೆ ಕಾಯಿಲೆ ಇರುವವರಲ್ಲಿ ಕೊಲೆಸ್ಟ್ರಾಲ್ ತಾನಾಗಿ ಇಳಿಯುತ್ತದೆ. ಔಷಧಿ ಇಲ್ಲದೆ 140ರಿಂದ 85ಕ್ಕೆ ಬಂದರೆ ಕಾರಣ ಹುಡುಕಬೇಕು.

ನಾಡಿಮಿಡಿತ

ಒಪ್ಪಿದೆ. ಆ ವಯಸ್ಸಿನಲ್ಲಿ ಕಡಿಮೆ ಎಲ್‌ಡಿಎಲ್ ಎರಡು ಅರ್ಥ ಕೊಡುತ್ತದೆ. ಆದರೆ ಹೆಚ್ಚಿದ್ದರೆ ‘ವಯಸ್ಸಾಯ್ತಲ್ಲ’ ಎಂದು ಬಿಡಬಾರದು ಎಂಬುದು ಈಗಲೂ ನನ್ನ ಮಾತು.

ಪಿಪೆಟ್

ಎರಡು ರಿಪೋರ್ಟ್ ಪಕ್ಕ ಇಟ್ಟು ‘ವಯಸ್ಸಿನಿಂದ ಏರಿತು’ ಎನ್ನುವ ಮುಂಚೆ ಮಾಮೂಲಿ ಏರಿಳಿತವನ್ನು ಕಳೆಯಬೇಕು. ಒಬ್ಬರದ್ದೇ ಎಲ್‌ಡಿಎಲ್ ದಿನದಿಂದ ದಿನಕ್ಕೆ ಶೇ. 8, ಯಂತ್ರದ ವ್ಯತ್ಯಾಸ ಶೇ. 3 ಎಂದುಕೊಂಡರೆ, ಎರಡು ಅಳತೆಗಳ ನಡುವೆ ಸುಮಾರು ಶೇ. 24 ದಾಟಿದರೆ ಮಾತ್ರ ನಿಜವಾದ ಬದಲಾವಣೆ ಎನ್ನಬಹುದು. 120 ಇದ್ದದ್ದು 140 ಆದರೆ ಅದು ಶೇ. 17, ಏರಿಳಿತವೇ ಇರಬಹುದು. ಟ್ರೈಗ್ಲಿಸರೈಡ್‌ನದ್ದು ಸುಮಾರು ಶೇ. 20ರ ಓಲಾಟ, ಅದಕ್ಕೆ ಶೇ. 55ಕ್ಕಿಂತ ಹೆಚ್ಚಿನ ಬದಲಾವಣೆ ಬೇಕು.

ಅದಕ್ಕೇ ಹೋಲಿಸುವಾಗ ಒಂದೇ ಲ್ಯಾಬ್, ಒಂದೇ ಹೊತ್ತು, 10–15 ನಿಮಿಷ ಕೂತ ಮೇಲೆ ರಕ್ತ. ಮಲಗಿ ಕೊಟ್ಟ ರಕ್ತದಲ್ಲಿ ಕೊಲೆಸ್ಟ್ರಾಲ್ ಶೇ. 10ರವರೆಗೆ ಕಡಿಮೆ ತೋರಬಹುದು. ಜ್ವರ, ಆಪರೇಷನ್ ಆಗಿದ್ದರೆ ಕೆಲವು ವಾರ ಬಿಡಿ. ಮುಟ್ಟಾಗುವವರಲ್ಲಿ ಚಕ್ರದ ಹಂತಕ್ಕೆ ತಕ್ಕಂತೆ ಎಲ್‌ಡಿಎಲ್ ಸ್ವಲ್ಪ ಬದಲಾಗುತ್ತದೆ, ಆದ್ದರಿಂದ ಪ್ರತಿ ಸಲ ಅದೇ ಹಂತದಲ್ಲಿ ಕೊಟ್ಟರೆ ಹೋಲಿಕೆ ಗಟ್ಟಿ. ಟ್ರೈಗ್ಲಿಸರೈಡ್ 400 ದಾಟಿದರೆ 1972ರ ಫ್ರೀಡ್‌ವಾಲ್ಡ್ ಸೂತ್ರದಿಂದ ಲೆಕ್ಕ ಹಾಕಿದ ಎಲ್‌ಡಿಎಲ್ ನಂಬಬೇಡಿ, ನಾನ್-ಎಚ್‌ಡಿಎಲ್ (ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಕಳೆದದ್ದು) ಅಥವಾ ಅಪೊಬಿ ನೋಡಿ.

ಅಂಕಿಸಂಖ್ಯೆ

ಹಾರ್ಮೋನ್ ಚಿಕಿತ್ಸೆಯಲ್ಲಿರುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಫಾರ್ಮಿನಲ್ಲಿ ಲಿಂಗದ ಕಾಲಂ ಹೇಗೆ ತುಂಬುತ್ತೀರಿ?

ಜೀವರಸಾಯನ

ಫಾರ್ಮಿನಲ್ಲಿ ಅವರು ಹೇಳಿದಂತೆಯೇ ತುಂಬಿ, ಯಾವ ಹಾರ್ಮೋನ್, ಎಷ್ಟು ತಿಂಗಳಿಂದ ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಟೆಸ್ಟೋಸ್ಟಿರಾನ್ ತೆಗೆದುಕೊಳ್ಳುವವರಲ್ಲಿ ಹಿಮೋಗ್ಲೋಬಿನ್, ಕ್ರಿಯಾಟಿನಿನ್ ಏರುತ್ತವೆ, ಎಚ್‌ಡಿಎಲ್ ಇಳಿಯುತ್ತದೆ. ವರ್ಷದೊಳಗೆ ಹಿಮೋಗ್ಲೋಬಿನ್ ಗಂಡಸರ ವ್ಯಾಪ್ತಿಗೆ ಹತ್ತಿರ ಬರುತ್ತದೆ. ಇಜಿಎಫ್‌ಆರ್ ಅನ್ನು ಎರಡೂ ಲಿಂಗದ ಸೂತ್ರದಲ್ಲಿ ಲೆಕ್ಕ ಹಾಕಿ ಎರಡನ್ನೂ ರಿಪೋರ್ಟಿನಲ್ಲಿ ಕೊಡಿ. ಎರಡು ಉತ್ತರಗಳು 60ರ ಆಚೀಚೆ ಬಿದ್ದರೆ ಅಥವಾ ಔಷಧಿಯ ಪ್ರಮಾಣ ಅದರ ಮೇಲೆ ನಿಂತಿದ್ದರೆ ಸಿಸ್ಟಾಟಿನ್ ಸಿ ಕಳಿಸಿ.